ಆಕಾಶಕ್ಕೆ ಹಿಡಿದರೆ ಮಾತ್ರ

ಮೇಜಿನ ಮೇಲೆ ಅದು ತುಟಿ ಪಿಟಕ್ಕೆನ್ನಲಿಲ್ಲ.

"ಕಿರುಚುತ್ತೆ" ಅಂದಿದ್ದ ಜೆಮಾಲ್.
ಸಾಖಲ್ವಾಶೋದ ಗುಡ್ಡದಿಂದ ಬಟುಮಿಗೆ
ಬಾಡಿಗೆ ವ್ಯಾನಿನಲ್ಲಿ, ತೊಡೆಯ ಮೇಲೆ,
ಹೆಂಡತಿಯ ಉಣ್ಣೆ ಶಾಲು ಸುತ್ತಿ ತಂದಿದ್ದ
ಮೊಳದುದ್ದದ ಬಿಳಿ ಲೆನ್ಸು.

"ಎಂಥ ಸದ್ದು?" ಅಂದೆ.
ಬೇರೆಯವರಾದರೆ ಗರ್ ಅನ್ನುತ್ತಾರೆ, ಕರಕರ ಅನ್ನುತ್ತಾರೆ,
ಇಲ್ಲವೇ ಸುಮ್ಮನೆ ಕೈಯಾಡಿಸುತ್ತಾರೆ.
ಇವನು ಕಣ್ಣು ಮುಚ್ಚಿ ನಾಲಿಗೆ ಮಡಚಿ
ಥೇಟು ಕಳಿಂಗ ಹಕ್ಕಿಯ ಹಾಗೆ ಕೂಗಿದ.
ಪಕ್ಕದ ರೊಟ್ಟಿಯಂಗಡಿಯ ಬೆಕ್ಕು
ನಿದ್ದೆ ಬಿಟ್ಟು ಎದ್ದು ನಿಂತಿತು.

ಅವರದು ಡೇಗೆ ಹಿಡಿಯುವ ಮನೆತನ.
ಕೋಲಿನ ತುದಿಗೆ ಕಳಿಂಗವ ಕಟ್ಟಿ, ಬಲೆಯ ಹಿಂದೆ ಕುಳಿತು
ಗಿಡುಗ ಎರಗುವವರೆಗೆ ಉಗುಳೂ ನುಂಗದ ಜನ.
ಈಗ ಇವನು ಪರದೇಶದಿಂದ ಬಂದವರಿಗೆ
ಗುಡ್ಡ ಹತ್ತಿಸಿ ಹಕ್ಕಿ ತೋರಿಸುತ್ತಾನೆ.
ಅವರಲ್ಲೊಬ್ಬ ಹೊರಡುವಾಗ
ಅರ್ಧ ಬೆಲೆಗೆ ಇದನ್ನು ಬಿಟ್ಟುಹೋದ.
ಯಾಕೆ ಬಿಟ್ಟನೆಂಬುದು
ಆಮೇಲೆ ಕಿವಿಗೆ ಬಿತ್ತು.

ಮೂರು ದಿನ ನೋಡಿದೆ.
ಅಲುಗಾಟ ತಡೆಯುವ ಸ್ವಿಚ್ಚು ಆರಿಸಿ ಕೇಳಿದೆ,
ಹಾಕಿ ಕೇಳಿದೆ. ಫೋಕಸ್ಸು ಕೈಯಲ್ಲೇ ತಿರುಗಿಸಿದೆ,
ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ.
ಬೇರೆ ಕ್ಯಾಮೆರಾಕ್ಕೆ ಜೋಡಿಸಿದೆ.
ಹಿತ್ತಾಳೆಯ ಕಾಲುಗಳನ್ನು ಸ್ಪಿರಿಟ್ಟಿನಿಂದ ಒರೆಸಿದೆ.
ಮೋಟಾರು ಬೆಣ್ಣೆಯಲ್ಲಿ ಕೂದಲೆಳೆದಂತೆ ಓಡಿತು.

"ನಿನ್ನ ಲೆನ್ಸಿಗೆ ರೋಗವಿಲ್ಲ" ಎಂದು ಫೋನು ಮಾಡಿದೆ.
"ಎತ್ತ ಹಿಡಿದು ನೋಡಿದೆ?"
"ಗೋಡೆಗೆ. ಗಡಿಯಾರದ ಕಡೆಗೆ."
ಆ ಕಡೆ ಒಂದು ಕೆಮ್ಮು.
"ಲಾಮ್ಜೀರಾ, ನಿಮ್ಮೂರಲ್ಲಿ
ಗಿಡುಗ ಗೋಡೆಯ ಮೇಲೆ ಹಾರುತ್ತದೆಯೇ?"

ನಾಚಿಕೆಯಾಯಿತು. ತಾರಸಿಗೆ ಹೋದೆ,
ಒಣಹಾಕಿದ ಬಟ್ಟೆಗಳ ನಡುವೆ ನಿಂತು
ಮೂತಿಯನ್ನು ಮೇಲಕ್ಕೆತ್ತಿ ಗುಂಡಿ ಅರ್ಧ ಒತ್ತಿದೆ.
ಕೀಚ್!
ಕೆಳಗಿನ ಬೆಕ್ಕಿಗೂ ಕೇಳಿಸಿರಬೇಕು.

ಅಡ್ಡ ಮಲಗಿದ್ದಾಗ ನಾಲ್ಕೂ ಉರುಳೆಗಳು
ಹೊರೆ ಹಂಚಿಕೊಳ್ಳುತ್ತಿದ್ದವು.
ತಲೆಯೆತ್ತಿದರೆ ಗಾಜಿನ ಭಾರವೆಲ್ಲ ಹಿಂದಕ್ಕೆ ಜಗ್ಗಿ,
ಸವೆದ ಒಂದರ ಮೇಲೆ ಕುಳಿತು
ಏರು ಹತ್ತಬೇಕು. ಹತ್ತುವವರು ಏದುತ್ತಾರೆ.
ಇಷ್ಟು ತಿಳಿಯಲು ನನಗೆ ಮೂರು ದಿನ,
ಅವನ ಒಂದು ಕೆಮ್ಮು.

ಆದರೆ ಒಡನೆ ಕೆಳಗಿಳಿಯಲಿಲ್ಲ.
ಕಿರುಚುತ್ತಲೇ ಲೆನ್ಸು ಏನನ್ನೋ ಹಿಡಿದಿತ್ತು:
ಸಮುದ್ರ ಎಡಕ್ಕೆ, ಬೆಟ್ಟ ಬಲಕ್ಕೆ, ನಡುವಿನ ಇರುಕಿನಲ್ಲಿ
ಜೇನುಗಿಡುಗಗಳು, ಒಂದರ ಹಿಂದೊಂದು,
ದಾರ ಕಿತ್ತ ಮಣಿಗಳು ಮೇಲಕ್ಕೆ ಚೆಲ್ಲಿದಂತೆ.
ಇಪ್ಪತ್ತೆರಡು ವರ್ಷ ಈ ಬೀದಿಯಲ್ಲಿ
ಜನರ ಕಣ್ಣು ರಿಪೇರಿ ಮಾಡಿದವಳು ನಾನು,
ಒಮ್ಮೆಯೂ ಕತ್ತೆತ್ತಿರಲಿಲ್ಲ.
ಅಂಗಡಿಗೆ ಯಾರೋ ಬಂದು ಹೋದರಂತೆ. ಹೋಗಲಿ.

ರಾತ್ರಿ ಬಿಚ್ಚಿದೆ. ಉಂಗುರ, ಉಂಗುರದೊಳಗೆ ಉಂಗುರ,
ಹದಿನೇಳು ತಿರುಪು ಮೊಟ್ಟೆಯ ತಟ್ಟೆಯ ಗುಳಿಗಳಲ್ಲಿ.
ಹಳೆಯ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು.
ಸತ್ತ ಲೆನ್ಸೊಂದರ ಉರುಳೆ ಕಿತ್ತು ಇದಕ್ಕೆ ಹಾಕಿ,
ಎಣ್ಣೆ ಸೂಜಿಯ ಮೊನೆಯಷ್ಟೇ ಮುಟ್ಟಿಸಿ
ಮುಚ್ಚಿದೆ. ತಾರಸಿಯಲ್ಲಿ ನಕ್ಷತ್ರಕ್ಕೆ ಹಿಡಿದೆ.
ಗಾಳಿ ಮಾತ್ರ.

ಜೆಮಾಲ್ ಬಂದ, ಆಕಾಶಕ್ಕೆ ಹಿಡಿದ,
ಹುಬ್ಬು ಗಂಟಿಕ್ಕಿದ.
"ಗೆಜ್ಜೆ ಬಿಚ್ಚಿದ ಡೇಗೆಯಂತಾಯಿತು.
ಎಲ್ಲಿ ಕೂತಿತೆಂದು ಹೇಗೆ ತಿಳಿಯಲಿ?
ಕಿರುಚು ನಿಂತಾಗ ಒತ್ತುತ್ತಿದ್ದೆ."
ಆಗ ಅವನ ಕಣ್ಣುಗಳನ್ನು ನೋಡಿದೆ.
ಎಡದ ಪಾಪೆಯ ಮೇಲೆ ತೆಳ್ಳಗೆ ಕೆನೆ.

ಏನೂ ಹೇಳಲಿಲ್ಲ. ಕ್ಯಾಮೆರಾದ ಮೆನು ತೆರೆದು
ಫೋಕಸ್ಸು ಸಿಕ್ಕಾಗ 'ಪೀ' ಅನ್ನುವುದನ್ನು ಹಾಕಿಕೊಟ್ಟೆ.
ಪೀ, ಅಂದಿತು.
"ಇದು ಪೇಟೆಯ ಗೆಜ್ಜೆ" ಎಂದು ಮೂಗು ಮುರಿದ,
ಆದರೂ ಮೂರು ಸಲ ಒತ್ತಿ ನೋಡಿದ.

ಅರ್ಧ ಕೂಲಿ ದುಡ್ಡು, ಅರ್ಧ ಹೇಜಲ್ ಕಾಯಿ.
ಅವನು ವ್ಯಾನು ಹತ್ತಿದ ಮೇಲೆ
ಒಂದೊಂದೇ ಕಾಯಿ ಕಿವಿಯ ಬಳಿ ಅಲ್ಲಾಡಿಸಿ
ಟೊಳ್ಳು ಯಾವುದೆಂದು ಕೇಳುತ್ತ ಕುಳಿತೆ.